ನಾಳೆಯ ಲೆಕ್ಕ ಸನ್ಯಾಸಿಗೆ ಸಲ್ಲುತ್ತದೆಯೇ?

ದೇಹ ಅನಿತ್ಯ, ನಾಳೆ ನಮ್ಮ ಕೈಯಲ್ಲಿಲ್ಲ ಎನ್ನುವ ಸನ್ಯಾಸಿ ಬರುವ ವರ್ಷದ ಊಟಕ್ಕೆ ಇಂದೇ ಬಾಳೆ ನೆಡಿಸಬಹುದೇ? ಉಡುಪಿಯಲ್ಲಿ ನೆಡಿಸುತ್ತಾರೆ. ಅಲ್ಲಿನ ಅಷ್ಟಮಠಗಳು ಸರದಿಯಂತೆ ಕೃಷ್ಣಮಠದ ಪೂಜೆ ವಹಿಸಿಕೊಳ್ಳುವ ಎರಡು ವರ್ಷದ ಪರ್ಯಾಯಕ್ಕೆ ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುತ್ತಾರೆ. ಕೃಷ್ಣಮಠದ ಅನ್ನದಾನ ಒಂದು ದಿನವೂ ನಿಲ್ಲಬಾರದಲ್ಲ!

ಇದು ವೈರಾಗ್ಯಕ್ಕೆ ವಿರುದ್ಧವಲ್ಲ. ಕೃಷ್ಣಮಠವನ್ನು ಸ್ಥಾಪಿಸಿದ ಮಧ್ವಾಚಾರ್ಯರ ಮತದಲ್ಲಿ ಜಗತ್ತು ಬದಲಾಗುವಂಥದ್ದು, ಆದರೆ ಸುಳ್ಳಲ್ಲ. ಹಸಿವು ಸತ್ಯವಾದರೆ ಅಕ್ಕಿಯ ಲೆಕ್ಕವೂ ಧರ್ಮವೇ.

ಅದಕ್ಕಿಂತ ಸೂಕ್ಷ್ಮವಾದದ್ದು ದ್ವಂದ್ವ ಮಠದ ಏರ್ಪಾಡು. ಅಷ್ಟಮಠಗಳು ಜೋಡಿ ಜೋಡಿಯಾಗಿವೆ. ಯತಿಯೊಬ್ಬರು ಉತ್ತರಾಧಿಕಾರಿಯನ್ನು ನೇಮಿಸದೆ ತೀರಿಕೊಂಡರೆ ಜೋಡಿ ಮಠದವರು ಹೊಣೆ ಹೊರುತ್ತಾರೆ. 2018ರಲ್ಲಿ ಶಿರೂರು ಮಠದ ಲಕ್ಷ್ಮೀವರ ತೀರ್ಥರು ಹೀಗೆ ತೀರಿಕೊಂಡಾಗ ಸೋದೆ ಮಠ ಮುಂದೆ ಬಂತು. 2021ರಲ್ಲಿ ವೇದವರ್ಧನ ತೀರ್ಥರು ಶಿರೂರು ಪೀಠವೇರಿದರು. ಆ ನೇಮಕದ ಮೇಲಿನ ಆಕ್ಷೇಪ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು, ಆದರೆ ಪರಂಪರೆ ಕಡಿಯಲಿಲ್ಲ.

ಇದೇ ಲೆಕ್ಕ ಮಠದ ಹೊರಗೂ ಸಲ್ಲುತ್ತದೆ. ಬ್ಯಾಂಕೋ ಆಸ್ಪತ್ರೆಯೋ ಅಡಚಣೆಯಲ್ಲೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ವ್ಯವಹಾರ ನಿರಂತರತೆಯ ಯೋಜನೆಗೆ ಕೈಹಾಕಿದಾಗ ಮೊದಲು ಸಾಫ್ಟ್‌ವೇರ್ ಕೊಳ್ಳಲು ಓಡುವುದು ಅವಸರವೇ ಸರಿ. ನಿಲ್ಲಲೇಬಾರದ ಕೆಲಸ ಯಾವುದು, ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳಬಹುದು, ಅದನ್ನು ಬಲ್ಲ ಒಬ್ಬರು ಬಾರದಿದ್ದರೆ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಮೊದಲು ಬರೆದಿಡಬೇಕು. 2012ರಲ್ಲಿ ಬಂದ ಐಎಸ್ಒ 22301 ಮಾನದಂಡ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಬರೆದದ್ದನ್ನು ತಾಲೀಮು ಮಾಡಿ ನೋಡಬೇಕೆಂದೂ ಹೇಳುತ್ತದೆ. ಆ ತಾಲೀಮಿಗೆ ಮುಖ್ಯಸ್ಥರು ರಜೆಯಲ್ಲಿರುವ ವಾರವೇ ತಕ್ಕ ಸಮಯ.