ನಮ್ಮ ಹದ್ದಿಗೆ ಬರುವುದಿಲ್ಲ

ಗಡಿ ಅಂದಕೂಡಲೇ ನಮ್ಮ ಭಾಷಣಕಾರರ ರಕ್ತ ಕುದಿಯುತ್ತದೆ. ಆ ಬೆಂಕಿಯಲ್ಲಿ ಯಾರ ಮನೆಯ ಅನ್ನ ಬೇಯುತ್ತದೆ ಅನ್ನುವುದನ್ನು ಖಾನಾಪುರ ತಾಲೂಕಿನ ಗುಂಜಿಯಂಥ ಊರಲ್ಲಿ ನಿಂತು ನೋಡಬೇಕು. ಬೆಳಗಾವಿ–ಲೋಂಡಾ ರೈಲು ದಾರಿಯ ಮೇಲಿನ ಊರು ಇದು. ಬಾಯಲ್ಲಿ ಮರಾಠಿಯೂ ಉಂಟು, ಕನ್ನಡವೂ ಉಂಟು. ಲೋಂಡಾ ದಾಟಿ ಘಟ್ಟ ಇಳಿದರೆ ಗೋವಾ. 1961ರ ಡಿಸೆಂಬರ್ 19ರ ತನಕ ಅದು ಪೋರ್ಚುಗೀಸರ ಆಳ್ವಿಕೆಯ ಬೇರೆ ದೇಶ, ಈಗ ಬೇರೆ ರಾಜ್ಯ. ಕೂಲಿಗೆ ಹೋಗುವವನಿಗೆ ಎರಡೂ ಒಂದೇ ಘಟ್ಟ.

2022ರ ಡಿಸೆಂಬರಿನಲ್ಲಿ ಬೆಳಗಾವಿ ಗಡಿ ಮತ್ತೆ ಹೊತ್ತಿಕೊಂಡಿತು. ಲಾರಿಗಳಿಗೆ ಕಲ್ಲು ಬಿತ್ತು, ಬಸ್ಸುಗಳಿಗೆ ಮಸಿ ಹತ್ತಿತು. 14ನೇ ತಾರೀಖು ದಿಲ್ಲಿಯಲ್ಲಿ ಅಮಿತ್ ಶಾ ಅವರ ಎದುರು ಬೊಮ್ಮಾಯಿ, ಶಿಂದೆ ಇಬ್ಬರೂ ಮುಖ್ಯಮಂತ್ರಿಗಳು ಕೂತರು. ತಲಾ ಮೂವರು ಮಂತ್ರಿಗಳ ಒಂದು ಸಮಿತಿ, ಕಾನೂನು-ಸುವ್ಯವಸ್ಥೆಗೆ ಹಿರಿಯ ಐಪಿಎಸ್ ಅಧಿಕಾರಿಯ ಕೈಕೆಳಗೆ ಇನ್ನೊಂದು ಸಮಿತಿ ಆಗಬೇಕೆಂದು ಒಪ್ಪಿದರು. ಬೇರೆ ಭಾಷೆಯವರಿಗೆ, ಪ್ರಯಾಣಿಕರಿಗೆ, ವ್ಯಾಪಾರಿಗಳಿಗೆ ತೊಂದರೆ ಆಗಬಾರದು ಅಂದರು. ಒಳ್ಳೆಯ ಮಾತೇ. ಕಲ್ಲು ಯಾರ ತಲೆಗೆ ಬಿದ್ದರೂ ಕಲ್ಲೇ. ಆದರೆ ಗಡಿ ದಾಟುವವರ ಆ ಪಟ್ಟಿಯಲ್ಲಿ ಕಬ್ಬು ಕಡಿಯುವವನ ಹೆಸರಿಲ್ಲ. ಘಟ್ಟ ಇಳಿದು ಸಿಮೆಂಟು ಹೊರುವ ಹೆಂಗಸಿನ ಹೆಸರೂ ಇಲ್ಲ. ಎರಡು ರಾಜ್ಯದ ಪೊಲೀಸರು ಕೈ ಜೋಡಿಸಬೇಕು, ಸರಿ. ಯಾರ ನೋವಿಗೆ ಜೋಡಿಸಬೇಕು? ನಾವು ಕೇಳುವುದು ಇಷ್ಟೇ.

ಗಡಿ ಅನ್ನುವುದು ನಮಗೆ ಹೊಸದಲ್ಲ. ಹಳೇ ಮೈಸೂರಿನಲ್ಲಿ ಊರೂರಿಗೆ ಗಡಿ ತಂಟೆ ಬಂದರೆ ಕೊನೆಯ ಸಾಕ್ಷಿ ಹೊಲಗೇರಿಯ ಕುಳವಾಡಿ. ಮುಂಬಯಿ ಪ್ರಾಂತದಲ್ಲಿ ಆ ಕೆಲಸ ಮಹಾರನದು. ಹದ್ದುಗಲ್ಲು ಎಲ್ಲಿದೆ ಅಂತ ಅವನೇ ತೋರಿಸಬೇಕು, ಅವನ ಮಾತೇ ತೀರ್ಪು. ತೀರ್ಪು ಹೇಳಿ ಅವನು ಮಲಗಲು ಹೋಗುತ್ತಿದ್ದದ್ದು ಮಾತ್ರ ಊರ ಹೊರಗೆ. ಮಾರಿಯನ್ನು ಗಡಿ ದಾಟಿಸಿ ಬರುವವನೂ ಅವನೇ. ಗಡಿ ಕಾಯ್ದವನು ಗಡಿಯೊಳಗಿನವನಾಗಲಿಲ್ಲ.

ಈಗಿನ ಗಡಿಯನ್ನು ನೋಡಿ. ಸಂವಿಧಾನದ 341ನೇ ವಿಧಿಯ ಪ್ರಕಾರ ಪರಿಶಿಷ್ಟ ಜಾತಿಯ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಲಂಬಾಣಿ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಅಕ್ಕನನ್ನು ವಿಜಯಪುರದ ತಾಂಡಾಕ್ಕೂ ತಂಗಿಯನ್ನು ಸೊಲ್ಲಾಪುರದ ತಾಂಡಾಕ್ಕೂ ಕೊಟ್ಟಿದ್ದರೆ ಅಕ್ಕನ ಮಕ್ಕಳು ಒಂದು, ತಂಗಿಯ ಮಕ್ಕಳು ಇನ್ನೊಂದು. ಗೋವಾದ ಪಟ್ಟಿಯಲ್ಲಂತೂ ಹೊಲೆಯನೂ ಇಲ್ಲ, ಮಾದಿಗನೂ ಇಲ್ಲ. ಲೋಂಡಾ ದಾಟಿದ ರೈಲಿನಲ್ಲಿ ನಮ್ಮ ಸರ್ಟಿಫಿಕೇಟು ಕಾಗದದ ಚೂರು. ಜಾತಿ ಮಾತ್ರ ಟಿಕೆಟ್ಟಿಲ್ಲದೆ ಜೊತೆಗೇ ಬರುತ್ತದೆ.

ಇದಕ್ಕೆ ಒಂದು ಸಮರ್ಥನೆ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಒಂದು ಕಡೆ ತುಳಿತಕ್ಕೊಳಗಾದ ಜಾತಿ ಇನ್ನೊಂದು ಕಡೆ ಅಷ್ಟೇ ತುಳಿತಕ್ಕೊಳಗಾಗಿದೆ ಎನ್ನಲಾಗದು, ವಲಸೆ ಬಂದವನು ಅಲ್ಲಿ ಮೀಸಲಾತಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು. ಸೀಟು, ನೌಕರಿ ಎಣಿಕೆಯವು. ಗೋವಾದ ಮಹಾರ, ಮಾಂಗರ ಪಾಲಿಗೆ ನಾವು ಕೈಹಾಕಿದರೆ ಬಡವ ಬಡವನ ತಟ್ಟೆಗೆ ಕೈಹಾಕಿದಂತೆ. ಆದರೆ ಏಟು ಹಂಚಿಕೊಳ್ಳುವ ವಸ್ತುವಲ್ಲ. ಒಬ್ಬನಿಗೆ ರಕ್ಷಣೆ ಕೊಟ್ಟರೆ ಇನ್ನೊಬ್ಬನ ರಕ್ಷಣೆ ಕಡಿಮೆ ಆಗುವುದಿಲ್ಲ. ಹೀಗಿದ್ದೂ 'ನೀನು ಈ ರಾಜ್ಯದ ಪಟ್ಟಿಯಲ್ಲಿಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆ ನಿನಗಿಲ್ಲ' ಎಂಬ ವಾದ ಕೋರ್ಟಿನ ತನಕ ಹೋಯಿತು. 2023ರ ಸೆಪ್ಟೆಂಬರಿನಲ್ಲಿ ಮುಂಬಯಿ ಹೈಕೋರ್ಟಿನ ಪೂರ್ಣಪೀಠ ಅದನ್ನು ತಳ್ಳಿತು. ಹುಟ್ಟಿದ ರಾಜ್ಯದಲ್ಲಿ ಪರಿಶಿಷ್ಟನಾದವನಿಗೆ ದೇಶದ ಯಾವ ಮೂಲೆಯಲ್ಲೂ ಈ ಕಾಯ್ದೆಯ ರಕ್ಷಣೆ ಉಂಟು ಎಂದಿತು. ಗೋವಾ ಕೂಡ ಅದೇ ಹೈಕೋರ್ಟಿನ ಕೆಳಗೆ ಬರುತ್ತದೆ. ಗುಂಜಿಯ ಕಡೆಯ ಶಾಲೆಗಳಲ್ಲಿ ಮೇಷ್ಟ್ರಾಗಿರುವ ಗೆಳೆಯರು ಇದನ್ನು ಹಲಗೆಯ ಮೇಲೆ ಬರೆದರೂ ತಪ್ಪಿಲ್ಲ. ಸೊಲ್ಲಾಪುರದ ಆ ತಂಗಿಯ ಮಕ್ಕಳು ಕಬ್ಬು ಕಡಿಯಲು ಬೆಳಗಾವಿಗೆ ಬಂದರೆ ಅವರಿಗೆ ಈ ತೀರ್ಪೂ ನೆರಳಾಗುವುದಿಲ್ಲ, ಯಾಕೆಂದರೆ ಅವರು ಹುಟ್ಟಿದಲ್ಲೇ ಪಟ್ಟಿಯ ಹೊರಗೆ.

ಇನ್ನು ಠಾಣೆ. 'ಇದು ನಮ್ಮ ಹದ್ದಿಗಿ ಬರಂಗಿಲ್ಲಪ, ಅಲ್ಲಿಗೇ ಹೋಗು' ಎಂಬ ಮಾತು ಕೇಳದ ದಲಿತ ಎಲ್ಲಿದ್ದಾನೆ? ಅಪರಾಧ ಎಲ್ಲೇ ನಡೆದಿರಲಿ, ದೂರು ಕೊಟ್ಟಲ್ಲೇ ಬರೆದುಕೊಳ್ಳಬೇಕು ಅನ್ನುವ ಜೀರೋ ಎಫ್‌ಐಆರ್ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಇದೆ. ಗೋವಾದಲ್ಲಿ ಏಟು ತಿಂದವನು ಖಾನಾಪುರ ಠಾಣೆಯಲ್ಲಿ ದೂರು ಕೊಡಬಹುದು. ಆಮೇಲೆ ಆ ಕಾಗದ ಘಟ್ಟ ಇಳಿಯಬೇಕು. ಸಾಕ್ಷಿ ಅಲ್ಲಿ, ಜಾತಿ ಪ್ರಮಾಣಪತ್ರ ಇಲ್ಲಿ, ಆರೋಪಿಯ ಮಾತು ಕೊಂಕಣಿ, ದೂರಿನ ಮಾತು ಕನ್ನಡ. ಪ್ರತಿ ವಾಯಿದೆಗೆ ಹೋಗಿಬರಲು ದೂರುದಾರನ ಒಂದು ದಿನದ ಕೂಲಿ ಖೋತಾ. ಪೊಲೀಸರ ಸಮನ್ವಯ ಎನ್ನುವುದಿದ್ದರೆ ಅದು ಬೇಕಾಗಿರುವುದು ಇಲ್ಲಿ.

ಎರಡು ರಾಜ್ಯದ ಅಧಿಕಾರಿಗಳು ಮುಂದೆ ಕೂತಾಗ ಕಲ್ಲು ಬಿದ್ದ ಲಾರಿಗಳ ಲೆಕ್ಕ ತರುತ್ತಾರೆ, ತರಲಿ. ಗಡಿ ದಾಟಿ ಹೋದ ದೌರ್ಜನ್ಯದ ದೂರು ಎಷ್ಟು, ಅವುಗಳಲ್ಲಿ ಆಚೆಯ ಠಾಣೆ ತಲುಪಿದ್ದು ಎಷ್ಟು ಎಂಬ ಲೆಕ್ಕವನ್ನೂ ಆ ಮೇಜಿನ ಮೇಲೆ ಇಡಿಸಬೇಕು. ಸಂಘಟನೆಯ ಗೆಳೆಯರು ತಹಶೀಲ್ದಾರ ಕಚೇರಿಯ ಮುಂದೆ ಕೂರುವಾಗ ಮೊದಲ ಬೇಡಿಕೆ ಇದೇ ಇರಲಿ.