ಒಳಹೋದದ್ದಕ್ಕೆ ಕಾರ್ಡು

(ಹಾಸನದ ಒಂದು ಮನೆಯ ಜಗಲಿ, ಸಂಜೆ. ಚಿಕ್ಕಪ್ಪ ನಿವೃತ್ತ ತಹಶೀಲ್ದಾರರು. ಸರ್ವೀಸಿನಲ್ಲಿ ಜೈಲಿಗೆ ಹೋಗಿ ಗುರುತು ಪತ್ತೆ ಪರೇಡು ನಡೆಸಿದವರು. ಅಣ್ಣನ ಮಗಳು ಸೆಷನ್ಸ್ ಕೋರ್ಟಿನಲ್ಲಿ ಆರೋಪಿಗಳ ಪರ ವಕೀಲೆ.)

ಮಗಳು: ನಾಳೆ ಕೊಲೆ ಕೇಸಿನ ವಾದ, ಚಿಕ್ಕಪ್ಪ. ಬೀದಿದೀಪದ ಬೆಳಕಲ್ಲಿ ನಮ್ಮ ಕಕ್ಷಿದಾರನನ್ನು ನೋಡಿದೆ ಅಂತಾನೆ ಒಬ್ಬ ಸಾಕ್ಷಿ. ಅವತ್ತು ರಾತ್ರಿ ಅರಸೀಕೆರೆಯ ಅತ್ತೆಮನೆಯಲ್ಲಿದ್ದೆ ಅಂತಾನೆ ಇವನು. ಜಡ್ಜ್ ಎರಡನ್ನೂ ತಕ್ಕಡಿಗೆ ಹಾಕಲಿ, ಸಾಕು.

ಚಿಕ್ಕಪ್ಪ: ತಕ್ಕಡಿ ಆಮೇಲೆ ಕಣಮ್ಮ. ಅವನು ಅಲ್ಲಿದ್ದ ಅಂತ ಪ್ರಾಸಿಕ್ಯೂಷನ್ ಮೊದಲು ತೋರಿಸಬೇಡವಾ?

ಮಗಳು: ತೋರಿಸಬೇಕು. ಆದರೆ ಬೇರೆ ಕಡೆ ಇದ್ದೆ ಅನ್ನೋನೇ ಅದನ್ನು ಸಾಬೀತು ಮಾಡಬೇಕು ಅಂತಲೂ 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು, ಹೊಸದೂ ಅದನ್ನೇ ಹೇಳುತ್ತೆ. 1996ರಲ್ಲಿ ಬಿಹಾರದ ಸಾಮೂಹಿಕ ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಹೊರೆ ಭಾರೀ ಅಂದಿತು. ಅದೇ ಉಸಿರಿನಲ್ಲಿ, ಆರೋಪಿಯ ಪುರಾವೆಯಿಂದ ನ್ಯಾಯವಾದ ಸಂಶಯ ಹುಟ್ಟಿದರೂ ಅದರ ಲಾಭ ಅವನಿಗೇ ಅಂತಲೂ ಅಂದಿತು.

ಚಿಕ್ಕಪ್ಪ: ಹಳೇ ಕಾಯ್ದೆಯ ಉದಾಹರಣೆ ನೆನಪಿದೆಯಾ? ಕೊಲ್ಕತ್ತಾದಲ್ಲಿ ಅಪರಾಧ, ಆರೋಪಿ ಲಾಹೋರಿನಲ್ಲಿ. ದೇಶ ಒಡೆದ ಮೇಲೂ ಎಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಲಾಹೋರೇ ಇತ್ತು!

ಮಗಳು: 2024ರ ಜುಲೈಯಿಂದ ಹೊಸ ಕಾಯ್ದೆಯಲ್ಲಿ ಚೆನ್ನೈ, ಲಡಾಖ್. ಕಾನೂನಿಗೆ ದೂರದೂರದ ಊರೇ ಬೇಕು. ನಮ್ಮ ಕೇಸುಗಳು ಮಾತ್ರ ಹಾಸನ, ಅರಸೀಕೆರೆ. ಬೈಕಿದ್ದರೆ ಒಂದು ಗಂಟೆ.

ಚಿಕ್ಕಪ್ಪ: ಅಲಹಾಬಾದಿನ ಆ ಕಾರ್ಖಾನೆ ಕೇಸೂ ಹಾಗೇ ಅಲ್ವಾ?

ಮಗಳು: ಹೌದು, 1981ರ ತೀರ್ಪು. ನೈನಿಯ ಟೆಲಿಫೋನ್ ಕಾರ್ಖಾನೆಯ ಕೆಲಸಗಾರ. ಎಂಟೂವರೆಗೆ ಡ್ಯೂಟಿಗೆ ಬಂದಿದ್ದ ಅಂತ ಅವನ ಪರ ಸಾಕ್ಷಿಗಳು ಹೇಳಿದರು. ಕೊಲೆ ಆದದ್ದು ಒಂಬತ್ತಕ್ಕೆ. ಸಾಕ್ಷಿಗಳ ಮಾತು ನಿಜವೇ ಇರಲಿ ಅಂತ ಒಪ್ಪಿಕೊಂಡೇ ಕೋರ್ಟು ಅಲಿಬಿಯನ್ನು, ಅಂದರೆ ಬೇರೆ ಕಡೆ ಇದ್ದೆ ಅನ್ನೋ ವಾದವನ್ನು, ತಳ್ಳಿಹಾಕಿತು. ಒಳಗೆ ಹೋಗುವಾಗ ಕಾರ್ಡು ಪಂಚ್ ಆಗುತ್ತೆ, ಹೊರಗೆ ಬರುವಾಗ ಆಗಲ್ಲ. ದಾರಿಯೂ ಹತ್ತಿರ.

ಚಿಕ್ಕಪ್ಪ: ಕಾರ್ಡು ಸುಳ್ಳು ಹೇಳಲಿಲ್ಲ, ಪಾಪ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿತು.

ಮಗಳು: ನನಗೆ ಹಿಡಿಸಿದ್ದು ಅದೇ ತೀರ್ಪಿನ ಇನ್ನೊಂದು ಮಾತು. ಡಿಫೆನ್ಸ್ ಸಾಕ್ಷಿ ಅಂದ ಕೂಡಲೇ ಅಪನಂಬಿಕೆ ಪಡುವ ಚಾಳಿಯನ್ನು ಕೋರ್ಟುಗಳು ಬಿಡಬೇಕು. ಸುಳ್ಳು ಎರಡೂ ಕಡೆಯವರೂ ಹೇಳ್ತಾರೆ ಅಂತ.

ಚಿಕ್ಕಪ್ಪ: ಸುಳ್ಳಾದರೆ ಹಿಡೀಬಹುದಮ್ಮ. ನನ್ನ ಭಯ ನಿಜ ಹೇಳೋರದ್ದು. ಒಂದು ಪರೇಡಿಗೆ ಆರೋಪಿಯ ಎತ್ತರ, ಮೈಬಣ್ಣ ನೋಡಿ ಬೀದಿಯಿಂದ ಒಂದಷ್ಟು ಜನರನ್ನು ಕರೆತಂದು ಸಾಲಿನಲ್ಲಿ ನಿಲ್ಲಿಸಿದ್ದೆ. ಸಾಕ್ಷಿ ಎರಡು ಸುತ್ತು ನಿಧಾನಕ್ಕೆ ನಡೆದು, ಒಬ್ಬನ ಭುಜದ ಮೇಲೆ ಕೈಯಿಟ್ಟ. ಕೈ ಚೂರೂ ನಡುಗಲಿಲ್ಲ. ಆ ಭುಜದವನು ಹೋಟೆಲ್ ಮಾಣಿ, ಬೆಳಿಗ್ಗೆ ತಾನೇ ನನಗೆ ಕಾಫಿ ಕೊಟ್ಟವನು.

ಮಗಳು: ಅವನ ಅಲಿಬಿ ನೀವೇ.

ಚಿಕ್ಕಪ್ಪ: ಅದಕ್ಕೇ ತಪ್ಪು ಅಂತ ಗೊತ್ತಾಯಿತು. ಅದೇ ಕೈ, ಅಷ್ಟೇ ಧೈರ್ಯವಾಗಿ ಆರೋಪಿಯ ಭುಜದ ಮೇಲೆ ಬಿದ್ದಿದ್ದರೆ? ಸರಿಯಾಗಿ ಗುರುತಿಸಿದ ಅಂತ ನಾನೇ ರುಜು ಹಾಕಿರುತ್ತಿದ್ದೆ. ಆಮೇಲೆ ಎಷ್ಟೋ ರಾತ್ರಿ ಹಳೇ ಪರೇಡುಗಳನ್ನೆಲ್ಲ ಲೆಕ್ಕ ಹಾಕಿದ್ದೇನೆ.

ಮಗಳು: ಗೌತಮನ ರೂಪದಲ್ಲಿ ಬಂದ ಇಂದ್ರನನ್ನು ಅಹಲ್ಯೆ ಗಂಡನೇ ಅಂದುಕೊಂಡಳಂತೆ. ಅವಳಿಗೆ ಗೊತ್ತಿತ್ತು ಅನ್ನೋ ಪಾಠವೂ ಇದೆ, ಬಿಡಿ. ಗೌತಮ ಆಗ ಹೊಳೆಯಲ್ಲಿ. ದಿನಾ ಜೊತೆಗಿದ್ದವಳ ಕಣ್ಣಿಗೇ ಹೀಗಾದರೆ?

ಚಿಕ್ಕಪ್ಪ: ದಿನಾ ನೋಡೋನನ್ನು ಗುರುತಿಸೋದು ಬೇರೆ, ಒಂದು ಕ್ಷಣ ಕಂಡವನನ್ನು ಗುರುತಿಸೋದು ಬೇರೆ. ನಿನ್ನ ಸಾಕ್ಷಿಗೆ ಇವನು ಮೊದಲೇ ಪರಿಚಯವಾ?

ಮಗಳು: ಇಲ್ಲ. ಪರೇಡೂ ಆಗಿಲ್ಲ. ಕೋರ್ಟಿನಲ್ಲೇ ಮೊದಲ ಸಲ ಕೈ ತೋರಿಸಿದ್ದು.

ಚಿಕ್ಕಪ್ಪ: ಕಟಕಟೆಯಲ್ಲಿ ಬೇರೆ ಇನ್ಯಾರು ನಿಂತಿರ್ತಾರೆ? ಅಲ್ಲಿಂದಲೇ ಶುರು ಮಾಡು. ಅತ್ತೆ ಏನು ಹೇಳಿದ್ದಾರೆ?

ಮಗಳು: ಅಳಿಯ ಬಂದ, ಮುದ್ದೆ ಉಂಡ, ಮಲಗಿದ. ಆಮೇಲೆ ತಾನೂ ಮಲಗಿದೆ ಅಂದಿದ್ದಾರೆ.

ಚಿಕ್ಕಪ್ಪ: ಒಳಹೋದದ್ದಕ್ಕೆ ಕಾರ್ಡು ಪಂಚ್ ಆಗಿದೆ.

ಮಗಳು: ಹೊರಗೆ ಹೋದದ್ದಕ್ಕೆ ಇಲ್ಲ. ಹೋಗದೇ ಇದ್ದಿದ್ದರೂ ಇರುತ್ತಿರಲಿಲ್ಲ ಅಲ್ವಾ, ಚಿಕ್ಕಪ್ಪ?