ವಿದ್ಯೆಯನ್ನು ಬಚ್ಚಿಡಿಸುವವರು

ಉದ್ಯೋಗಕ್ಕೆ ಅರ್ಜಿ ಬರೆಯುವ ಡಾಕ್ಟರೇಟ್ ಪದವೀಧರರಲ್ಲಿ ಕೆಲವರು ಆ ಪದವಿಯನ್ನು ಅರ್ಜಿಯಲ್ಲಿ ಕಾಣಿಸುವುದೇ ಇಲ್ಲ. ಎಂ.ಎ., ಎಂ.ಎಸ್ಸಿ.ವರೆಗೆ ಬರೆದು ನಿಲ್ಲಿಸುತ್ತಾರೆ. ವರ್ಷಗಟ್ಟಲೆ ಪಟ್ಟ ಶ್ರಮವನ್ನು ಕಳಂಕವೆಂಬಂತೆ ಮರೆಮಾಚುತ್ತಾರೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಹೇಳಿದ ಕಾರಣಗಳಲ್ಲಿ ನಿಹ್ನವವೂ ಒಂದು. ನಿಹ್ನವವೆಂದರೆ ತಿಳಿದುದನ್ನು ಬಚ್ಚಿಡುವುದು. ಮೇಲ್ನೋಟಕ್ಕೆ ಈ ದೋಷ ಅರ್ಜಿದಾರನದೇ. ಆದರೆ ಅದೇ ಅಧ್ಯಾಯವು ಕರ್ಮವನ್ನು ಕೃತ, ಕಾರಿತ, ಅನುಮತವೆಂದು ಮೂರಾಗಿ ವಿಂಗಡಿಸುತ್ತದೆ. ಬಚ್ಚಿಟ್ಟವನು ಒಬ್ಬನಾದರೆ, ಬಚ್ಚಿಡದೆ ಗತಿಯಿಲ್ಲದಂತೆ ಮಾಡಿದವನು ಮತ್ತೊಬ್ಬನಿದ್ದಾನೆ.

ಆ ಮತ್ತೊಬ್ಬನ ಮಾತುಗಳು ಎಲ್ಲರಿಗೂ ಪರಿಚಿತವಾದವು. ಹೆಚ್ಚು ಓದಿದವನು ನಿಲ್ಲುವುದಿಲ್ಲ, ಹೆಚ್ಚು ಸಂಬಳ ಕೇಳುತ್ತಾನೆ, ಹೇಳಿದ ಕೆಲಸ ಮಾಡುವ ಬದಲು ವಾದಕ್ಕೆ ನಿಲ್ಲುತ್ತಾನೆ, ಪುಸ್ತಕ ಬಿಟ್ಟರೆ ಅವನಿಗೆ ಲೋಕವ್ಯವಹಾರ ತಿಳಿಯದು. ಇವು ಪೂರ್ಣವಾಗಿ ಸುಳ್ಳೆಂದು ಹೇಳಲಾಗದು. ಎಲ್ಲೋ ಒಬ್ಬ ಡಾಕ್ಟರೇಟ್ ಪದವೀಧರ ಮೂರೇ ತಿಂಗಳಿಗೆ ಕೆಲಸ ಬಿಟ್ಟಿರಬಹುದು. ಅದು ಒಂದು ನಯ. ಆ ಒಂದನ್ನೇ ಸಮಗ್ರವೆಂದು ಹಿಡಿದು ಉಳಿದ ನಯಗಳನ್ನು ತಳ್ಳಿಹಾಕಿದಾಗ ಅದು ದುರ್ನಯವಾಗುತ್ತದೆ. ಬಿ.ಕಾಂ. ಓದಿದ ಗುಮಾಸ್ತನೂ ನೂರು ರೂಪಾಯಿ ಹೆಚ್ಚು ಸಿಕ್ಕರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹೋದಾನೆಂಬ ಶಂಕೆಯಿಂದ ಅವನ ಅರ್ಜಿಯನ್ನು ಯಾರೂ ಮೊದಲೇ ಹರಿದು ಹಾಕುವುದಿಲ್ಲ.

2015ರಲ್ಲಿ ಉತ್ತರ ಪ್ರದೇಶದ ಸಚಿವಾಲಯದ 368 ಜವಾನರ ಹುದ್ದೆಗಳಿಗೆ ಸುಮಾರು 23 ಲಕ್ಷ ಅರ್ಜಿಗಳು ಬಂದವು. ಅರ್ಜಿದಾರರಲ್ಲಿ 255 ಮಂದಿ ಪಿಎಚ್.ಡಿ. ಪಡೆದವರು. 2018ರಲ್ಲಿ ಅದೇ ರಾಜ್ಯದ ಪೊಲೀಸ್ ಇಲಾಖೆಯ 62 ಸಂದೇಶವಾಹಕ ಹುದ್ದೆಗಳಿಗೆ ಅರ್ಜಿ ಹಾಕಿದ ಡಾಕ್ಟರೇಟ್ ಪದವೀಧರರ ಸಂಖ್ಯೆ 3,700ರಷ್ಟಿತ್ತು. ಐದನೆಯ ತರಗತಿ ಓದಿದ್ದರೆ ಸಾಕಾಗಿದ್ದ ಕೆಲಸಗಳಿವು. ಸಣ್ಣ ಕೆಲಸಕ್ಕೆ ಇವರು ಬಗ್ಗುವುದಿಲ್ಲವೆಂದವರು ಈ ಸುದ್ದಿ ಕೇಳಿ ತಮ್ಮ ಮಾತನ್ನು ಹಿಂತೆಗೆದುಕೊಂಡರೇ? ಇಲ್ಲ. 'ಪಿಎಚ್.ಡಿ.ಗೆ ಬೆಲೆಯೇ ಇಲ್ಲ' ಎಂದು ನಕ್ಕರು. ನಿನ್ನೆ ಅತಿಯಾಗಿದ್ದ ಯೋಗ್ಯತೆ ಇಂದು ಶೂನ್ಯವಾಯಿತು! ಎರಡೂ ಮಾತುಗಳಲ್ಲಿ ಎದುರಿಗೆ ನಿಂತ ಮನುಷ್ಯನನ್ನು ನೋಡಿದವರು ಯಾರೂ ಇಲ್ಲ.

ಸಂಶೋಧಕನಿಗೆ ವ್ಯವಹಾರ ತಿಳಿಯದೆನ್ನುವವರು ಬೆಳಗಾವಿ ಜಿಲ್ಲೆಯ ಸದಲಗಾದವರಾದ ಡಾ. ಎ.ಎನ್. ಉಪಾಧ್ಯೆಯವರ ಕೆಲಸವನ್ನು ನೆನೆಯಬೇಕು. ಹಸ್ತಪ್ರತಿಗಳ ಪಾಠಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ಗ್ರಂಥ ಸಂಪಾದಿಸುವುದೂ, ಒಂದು ಪೈಸೆ ವ್ಯತ್ಯಾಸ ಬಂದರೆ ಇಡೀ ಖಾತೆಯನ್ನು ಮತ್ತೆ ತಾಳೆ ನೋಡುವುದೂ ಒಂದೇ ಬಗೆಯ ಶಿಸ್ತು. ಸೋಲಾಪುರದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರ ದಾನದಿಂದ ಹುಟ್ಟಿದ ಗ್ರಂಥಮಾಲೆಗೆ ಉಪಾಧ್ಯೆ ಮತ್ತು ಡಾ. ಹೀರಾಲಾಲ ಜೈನರಂಥ ಸಂಪಾದಕರು ದೊರೆತುದರಿಂದಲೇ ತಿಲೋಯಪಣ್ಣತ್ತಿ ಅಚ್ಚುಕಟ್ಟಾಗಿ ಬೆಳಕು ಕಂಡಿತು.

ನಮ್ಮ ಬಸದಿಗಳ ಟ್ರಸ್ಟುಗಳಲ್ಲಿಯೂ ವಿದ್ವಾಂಸರಿಗೆ ವೇದಿಕೆಯಲ್ಲಿ ಶಾಲು, ಹಾರಗಳುಂಟು. ಗ್ರಂಥಭಂಡಾರಕ್ಕೋ ಶಾಲೆಗೋ ಕಚೇರಿಗೋ ಆಳು ಬೇಕಾದಾಗ ಮಾತ್ರ ಅದೇ ಪದವಿ ಅಡ್ಡಿಯಾಗುತ್ತದೆ. ತನಗಿಂತ ಹೆಚ್ಚು ಓದಿದವನು ಕೈಕೆಳಗೆ ಬೇಡವೆಂಬ ಭಾವಕ್ಕೆ ಮಾತ್ಸರ್ಯವೆಂದೂ, ಅರ್ಹನ ಲಾಭಕ್ಕೆ ಅಡ್ಡ ನಿಲ್ಲುವುದಕ್ಕೆ ಅಂತರಾಯವೆಂದೂ ಶಾಸ್ತ್ರದಲ್ಲಿ ಹೆಸರುಂಟು. ಧಾನ್ಯದ ವ್ಯಾಪಾರಿಯು ಚೀಲದ ಮೇಲಿನ ಚೀಟಿ ನೋಡಿ ಬೆಲೆ ಕಟ್ಟುವುದಿಲ್ಲ. ಒಳಗಿಂದ ಒಂದು ಹಿಡಿ ತೆಗೆದು ನೋಡುತ್ತಾನೆ. ಎಷ್ಟು ವರ್ಷ ಇರುವಿರಿ, ಈ ಸಂಬಳ ಒಪ್ಪಿಗೆಯೇ, ಈ ಕೆಲಸವನ್ನೇಕೆ ಬಯಸಿದಿರಿ ಎಂದು ಕೇಳಲು ಕಾಲು ಗಂಟೆ ಸಾಕು. ಉತ್ತರ ಕೇಳಿದ ಬಳಿಕ ಬೇಡವೆನ್ನುವ ಸ್ವಾತಂತ್ರ್ಯ ಟ್ರಸ್ಟಿಗೆ ಇದ್ದೇ ಇದೆ.